ಮನೆತನದ ದಾನ, ಮಕ್ಕಳ ಹೊಣೆ

ಊರಿಗೆ ಉಪಕಾರ ಮಾಡಿದ ವರ್ತಕ ಮನೆತನಗಳನ್ನು ಸನ್ಮಾನಿಸುವ ಸಮಾರಂಭಗಳಿಗೆ ವಾಣಿಜ್ಯ ಸಂಸ್ಥೆಗಳಲ್ಲಿ ಕೊರತೆಯಿಲ್ಲ. ಛತ್ರ ಕಟ್ಟಿಸಿದ ಹಿರಿಯರ ಭಾವಚಿತ್ರಕ್ಕೆ ಹಾರ, ಮೊಮ್ಮಕ್ಕಳಿಗೆ ಶಾಲು, ಫಲತಾಂಬೂಲ, ಸ್ಮರಣಿಕೆ, ಎರಡು ಭಾಷಣ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಛತ್ರದ ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಇದ್ದು, ಟ್ರಸ್ಟ್ ಪತ್ರ ಯಾರ ಬೀರುವಿನಲ್ಲಿದೆಯೆಂಬುದು ಮನೆಯವರಿಗೇ ತಿಳಿಯದಿರುವ ಪ್ರಸಂಗಗಳು ಅಪರೂಪವಲ್ಲ. ಕೊಟ್ಟವರನ್ನು ಸಮಾಜ ಹೊಗಳುತ್ತದೆ. ಕೊಟ್ಟದ್ದನ್ನು ಉಳಿಸಿದವರ ಹೆಸರು ಆಹ್ವಾನ ಪತ್ರಿಕೆಯಲ್ಲಿ ಕಾಣಿಸುವುದೇ ಇಲ್ಲ.

ಈ ವ್ಯತ್ಯಾಸವನ್ನು ಅರಿಯಲು ಬೆಂಗಳೂರಿನಲ್ಲೇ ಒಂದು ನಿದರ್ಶನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯನ್ನು ಊರಿನ ಹಳಬರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತಾರೆ. ಸಂಸ್ಥೆಯ ಅಧಿಕೃತ ಹೆಸರಿನಲ್ಲಿ ಆ ಮನೆತನದ ಸುಳಿವೂ ಇಲ್ಲ. ಮುಂಬಯಿಯ ಹತ್ತಿ ಬಟ್ಟೆಯ ಉದ್ಯಮಿ ಜಮ್‌ಷೆಡ್‌ಜಿ ಟಾಟಾ ಇದರ ಸ್ಥಾಪನೆಗೆಂದು ಸುಮಾರು 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಮೀಸಲಿಡಲು ಮುಂದಾದರು. 1898ರ ಡಿಸೆಂಬರ್ 31ರಂದು, ಅಂದರೆ ವೈಸರಾಯ್ ಕರ್ಜನ್ ಮುಂಬಯಿಗೆ ಬಂದಿಳಿದ ಮರುದಿನವೇ, ಯೋಜನೆಯ ಕರಡು ಅವರ ಮುಂದಿತ್ತು. ಆ ಬಳಿಕ ಸರಕಾರದ ಕಡತ ನಡೆದ ರೀತಿಯನ್ನು ಲೈಸೆನ್ಸಿಗಾಗಿ ಅಲೆದ ಯಾವ ಕೈಗಾರಿಕೋದ್ಯಮಿಗೂ ವಿವರಿಸಬೇಕಿಲ್ಲ. 1904ರ ಮೇ ತಿಂಗಳಿನಲ್ಲಿ ಜಮ್‌ಷೆಡ್‌ಜಿ ಜರ್ಮನಿಯಲ್ಲಿ ನಿಧನರಾದಾಗ ಸಂಸ್ಥೆಯ ಒಂದು ಕಲ್ಲನ್ನೂ ಇಟ್ಟಿರಲಿಲ್ಲ.

ಗಮನಾರ್ಹವಾದ ಸಂಗತಿ ಇರುವುದು ಇಲ್ಲಿಂದ ಮುಂದೆ. ದೋರಾಬ್‌ಜಿ ಮತ್ತು ರತನ್ ಎಂಬ ಇಬ್ಬರು ಪುತ್ರರ ಹೆಗಲ ಮೇಲೆ ಆಗ ಉಕ್ಕಿನ ಕಾರ್ಖಾನೆ, ಜಲವಿದ್ಯುತ್ ಎಂಬ ತಂದೆಯ ಇನ್ನೆರಡು ಅಪೂರ್ಣ ಯೋಜನೆಗಳಿದ್ದವು. (ಈ ರತನ್, 2024ರಲ್ಲಿ ನಿಧನರಾದ ರತನ್ ಟಾಟಾ ಅವರಲ್ಲ.) ಎರಡೂ ಯೋಜನೆಗಳು ಬಂಡವಾಳವನ್ನು ನುಂಗುವಂಥವು. ಸರಕಾರವೇ ವಿಳಂಬ ಮಾಡುತ್ತಿದೆ, ತಂದೆಯವರೂ ಇಲ್ಲ, ಈ ಹಣ ವ್ಯಾಪಾರಕ್ಕಿರಲಿ ಎಂದು ಅವರು ಹೇಳಿದ್ದರೆ ಮಾರುಕಟ್ಟೆಯಲ್ಲಿ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಹಾಗೆ ಹೇಳಲಿಲ್ಲ. ಐದು ವರ್ಷ ಬೆನ್ನುಬಿಡದೆ ನಡೆದು, 1909ರ ಮೇ 27ರಂದು ಧರ್ಮಾದಾಯ ದತ್ತಿಗಳ ಕಾಯಿದೆಯಡಿ ಆದೇಶ ಹೊರಬಿದ್ದು ಸಂಸ್ಥೆ ಅಸ್ತಿತ್ವಕ್ಕೆ ಬಂತು. ತಂದೆಯ ಮಾತು ಕಾನೂನಿನ ಬಲವುಳ್ಳ ಕಾಗದವಾದದ್ದು ಅಂದು.

ಇದರಲ್ಲಿ ಮೈಸೂರಿನ ಅರಸು ಮನೆತನದ ಪಾಲೂ ಇದೆ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿದ್ದ ಕಾಲದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಬೆಂಬಲದಿಂದ ಮೊಳೆತ ಭೂಮಿಯ ಮಾತು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 371 ಎಕರೆಗಳ ದಾನವಾಗಿ ನೆರವೇರಿತು. 1911ರಲ್ಲಿ ಅಡಿಗಲ್ಲು ಇಟ್ಟವರೂ ನಾಲ್ವಡಿಯವರೇ. ಎರಡು ಮನೆತನಗಳಲ್ಲೂ ಮೊದಲ ತಲೆಮಾರು ಆಡಿದ್ದನ್ನು ಎರಡನೆಯದು ನಡೆಸಿಕೊಟ್ಟಿತು. ಅದರ ಫಲ ವ್ಯಾಪಾರಿಗಳಿಗೂ ದಕ್ಕಿತು: ಶ್ರೀಗಂಧದ ಎಣ್ಣೆಯನ್ನು ಇಲ್ಲಿಯೇ ಬಟ್ಟಿಯಿಳಿಸುವ ಬಗೆಗೆ ಈ ಸಂಸ್ಥೆಯ ಪ್ರಾಧ್ಯಾಪಕರು ನಡೆಸಿದ ಪ್ರಯೋಗಗಳು ಮೈಸೂರು ಸೀಮೆಯ ಗಂಧದೆಣ್ಣೆ ಉದ್ಯಮಕ್ಕೆ ಬುನಾದಿಯಾದವು.

ದೋರಾಬ್‌ಜಿಯವರ ಬದುಕಿನ ಉತ್ತರಾರ್ಧವೂ ಲೆಕ್ಕ ಬಲ್ಲವರು ಓದಬೇಕಾದದ್ದು. 1924ರಲ್ಲಿ ಉಕ್ಕಿನ ಕಾರ್ಖಾನೆಗೆ ಕೂಲಿ ಕೊಡಲೂ ಹಣವಿಲ್ಲದ ಸ್ಥಿತಿ ಬಂದಾಗ, ಪತ್ನಿ ಮೆಹೆರ್‌ಬಾಯಿಯವರ ಒಡವೆಗಳೂ ಸೇರಿದಂತೆ ತಮ್ಮ ಸ್ವಂತ ಆಸ್ತಿಯನ್ನು ಇಂಪೀರಿಯಲ್ ಬ್ಯಾಂಕಿನಲ್ಲಿ ಅಡವಿಟ್ಟು ಅವರು ಒಂದು ಕೋಟಿ ರೂಪಾಯಿ ಸಾಲ ಎತ್ತಿದರು. ಕಾರ್ಖಾನೆ ಉಳಿಯಿತು. ಆ ಸಂಪತ್ತನ್ನು 1932ರಲ್ಲಿ, ತಾವು ತೀರಿಕೊಂಡ ವರ್ಷವೇ, ಟ್ರಸ್ಟಿಗೆ ಬರೆದುಕೊಟ್ಟರು. 1918ರಲ್ಲಿ ನಿಧನರಾಗಿದ್ದ ತಮ್ಮ ರತನ್ ಹೆಸರಿನ ಟ್ರಸ್ಟ್ ಮರುವರ್ಷವೇ ಆರಂಭವಾಗಿತ್ತು. ಟಾಟಾ ಸನ್ಸ್ ಸಂಸ್ಥೆಯ ಷೇರುಗಳಲ್ಲಿ ಸುಮಾರು ಶೇ. 66 ಇಂದು ಈ ಮನೆತನದ ಧರ್ಮಾರ್ಥ ಟ್ರಸ್ಟುಗಳ ಕೈಯಲ್ಲಿವೆ. ದಾನವು ಲಾಭದಲ್ಲಿ ಉಳಿದ ಚಿಲ್ಲರೆಯಾಗದೆ ವ್ಯಾಪಾರದ ಬಂಡವಾಳದಲ್ಲೇ ಪಾಲು ಪಡೆದದ್ದರಿಂದ ಅದು ಬಾಳಿತು.

ಅಷ್ಟು ದೊಡ್ಡವರ ಮಾತು ಕಿರಾಣಿ ಮಂಡಿಯವರಿಗೇಕೆ ಎಂಬ ಆಕ್ಷೇಪ ಬರಬಹುದು. ನಿಜಕ್ಕೂ ಸಣ್ಣ ದಾನಕ್ಕೇ ಅಪಾಯ ಹೆಚ್ಚು. ಒಂದು ನಿವೇಶನ, ಶಾಲೆಯ ಎರಡು ಕೊಠಡಿ, ವಿದ್ಯಾರ್ಥಿವೇತನದ ಒಂದು ಠೇವಣಿ, ಇಷ್ಟೇ ಇರುವಲ್ಲಿ ಕಾಗದದ ಗೊಡವೆ ಯಾರಿಗೂ ಬೇಕಿರುವುದಿಲ್ಲ. ಯಜಮಾನರು ಇರುವವರೆಗೆ ಅವರ ಮಾತೇ ಪತ್ರ. ಅವರ ನಂತರ ಪಾಲುಪಟ್ಟಿಯ ದಿನ ಆ ನಿವೇಶನಕ್ಕೂ ಚದರಡಿಯ ಬೆಲೆ ಕಟ್ಟಲಾಗುತ್ತದೆ. ಟ್ರಸ್ಟಿಗೆ ಸ್ಥಿರಾಸ್ತಿ ದಾನ ಮಾಡುವಾಗ ಇಬ್ಬರು ಸಾಕ್ಷಿಗಳ ಸಹಿಯುಳ್ಳ ನೋಂದಾಯಿತ ದಾನಪತ್ರ ಬೇಕು. ಪಿತ್ರಾರ್ಜಿತ ಸ್ಥಿರಾಸ್ತಿಯಾದರೆ, ಧರ್ಮಕಾರ್ಯಕ್ಕಾಗಿಯೇ ಇದ್ದರೂ, ಕುಟುಂಬದ ಯಜಮಾನನು ಅದರಲ್ಲಿ ಮಿತವಾದ ಭಾಗವನ್ನಷ್ಟೇ ಕೊಡಬಲ್ಲ. ಇದನ್ನು ಮರೆತು ಉದಾರವಾಗಿ ಕೊಟ್ಟ ದಾನಗಳು ಮಕ್ಕಳ ಕಾಲದಲ್ಲಿ ವ್ಯಾಜ್ಯಕ್ಕೆ ದಾರಿಯಾಗುತ್ತವೆ. ಟ್ರಸ್ಟಿನ ಬ್ಯಾಂಕ್ ಖಾತೆ ಅಂಗಡಿಯ ಖಾತೆಯಿಂದ ಬೇರೆಯಾಗಿರಬೇಕು ಎಂಬುದನ್ನಂತೂ ಹೇಳಬೇಕಾಗಿಯೇ ಇರಬಾರದು; ಆದರೂ ಪ್ರತಿ ವರ್ಷ ಮಾರ್ಚ್ ಬಂದಾಗ ಹೇಳಬೇಕಾಗುತ್ತದೆ.

ವಾಣಿಜ್ಯ ಸಂಸ್ಥೆಗಳು ಮುಂದಿನ ಸನ್ಮಾನಕ್ಕೆ ಮನೆತನಗಳನ್ನು ಆರಿಸುವಾಗ ದತ್ತಿಯ ಪತ್ರವನ್ನೂ ಕಳೆದ ಸಾಲಿನ ಲೆಕ್ಕಪರಿಶೋಧನಾ ವರದಿಯನ್ನೂ ಕೇಳಿ ತರಿಸಿಕೊಳ್ಳುವ ಪದ್ಧತಿ ಆರಂಭಿಸಬಹುದು. ಮೊದಲ ಒಂದೆರಡು ವರ್ಷ ಕೇಳುವವರಿಗೂ ಕೊಡುವವರಿಗೂ ಮುಜುಗರವಾದೀತು. ಪತ್ರ ಸಿಗದ ಮನೆಗೆ ಶಾಲು ಬೇಡವೆನ್ನುವ ಅಗತ್ಯವಿಲ್ಲ. ಸಂಸ್ಥೆಯ ಸದಸ್ಯರಾದ ವಕೀಲರೊಬ್ಬರನ್ನೂ ಲೆಕ್ಕಪರಿಶೋಧಕರೊಬ್ಬರನ್ನೂ ಆ ಮನೆಗೆ ಕಳುಹಿಸಿ, ಹಿರಿಯರು ಸಹಿ ಹಾಕುವ ಸ್ಥಿತಿಯಲ್ಲಿರುವಾಗಲೇ ಕಾಗದ ಸರಿಪಡಿಸಿಕೊಟ್ಟರೆ ಸಾಕು.