ರಾಜರು ಬಿಟ್ಟುಹೋದ ದಾರಿಯಲ್ಲಿ ಸೈಕಲ್ಲು

"ಅಪ್ಪಯ್ಯಾ, ಭಾನುವಾರ ಇಕ್ಕೇರಿಗೆ ಸೈಕಲ್ಲಲ್ಲಿ ಹೋಗಿ ಬರ್ಲಾ?"

"ರೋಡಲ್ಲಿ ಲಾರಿ ಓಡಾಡೋದು ಕಾಣ್ತಿಲ್ವಾ? ಸುಮ್ನೆ ಮನೇಲಿ ಕೂತು ಓದ್ಕೊ."

ಸಾಗರ, ಹೊಸನಗರ, ತೀರ್ಥಹಳ್ಳಿಯ ಎಷ್ಟೋ ಮನೆಗಳಲ್ಲಿ ಇಂಥ ಮಾತುಕತೆ ಇಷ್ಟಕ್ಕೇ ಮುಗಿದುಹೋಗುತ್ತದೆ. ಹಾಗೆ ಗದರುವ ಅಪ್ಪನೇ ಒಂದು ಕಾಲದಲ್ಲಿ ಗಂಟೆಗಿಷ್ಟೆಂದು ಬಾಡಿಗೆ ಸೈಕಲ್ಲು ತಂದು, ಒಳಪೆಡಲು ಹೊಡೆದು, ಮಂಡಿ ತರಚಿಕೊಂಡು ಕಲಿತವನು. ಮಗನ ಅಥವಾ ಮಗಳ ಸೈಕಲ್ಲು ಮಾತ್ರ ಟ್ಯೂಷನ್ನಿಗೆ ಹೋಗಿ ಬರುವುದಷ್ಟಕ್ಕೇ ಸವೆಯುತ್ತದೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡಲು ಆರಂಭಿಸಿದಾಗ ಮಲೆನಾಡಿನ ಹಳ್ಳಿ ಹಳ್ಳಿಗೂ ಸೈಕಲ್ಲು ಬಂತು. ಕೊರೊನಾ ಕಾಲದಲ್ಲಿ ಆ ವಿತರಣೆ ನಿಂತಿತು. ಆಗ ಬಂದ ಸೈಕಲ್ಲುಗಳಲ್ಲಿ ಎಷ್ಟೋ ಈಗ ಕೊಟ್ಟಿಗೆಯ ಮೂಲೆಯಲ್ಲಿ ಗಾಳಿಯಿಲ್ಲದೆ ನಿಂತಿವೆ.

ಅಪ್ಪನ ಭಯ ಸುಳ್ಳಲ್ಲ. ಹಿಂದೆ 206 ಎನಿಸಿಕೊಂಡಿದ್ದ, ಈಗ 69 ಎಂಬ ಸಂಖ್ಯೆ ಹೊತ್ತಿರುವ ರಾಷ್ಟ್ರೀಯ ಹೆದ್ದಾರಿ ಸಾಗರವನ್ನು ಹಾದೇ ಹೊನ್ನಾವರಕ್ಕೆ ಹೋಗುತ್ತದೆ. ಬಸ್ಸು, ಲಾರಿಗಳ ಜೊತೆಗೆ ಜೋಗ ನೋಡಲು ಬರುವವರ ಕಾರುಗಳೂ ಅಲ್ಲೇ ನುಗ್ಗುತ್ತವೆ. ಹನ್ನೆರಡು ವರ್ಷದ ಮಗುವನ್ನು ಆ ದಾರಿಗೆ ಬಿಡಿ ಎಂದು ಯಾರೂ ಹೇಳಲಾರರು. ಆದರೆ ಊರಿನಿಂದ ಹೊರಡುವುದು ಅದೊಂದೇ ದಾರಿಯಲ್ಲ. ಹೆದ್ದಾರಿಯಿಂದ ಪಕ್ಕಕ್ಕೆ ತಿರುಗಿದರೆ ಈ ಮೂರು ತಾಲ್ಲೂಕುಗಳಲ್ಲಿ ಡಾಂಬರಿದ್ದೂ ವಾಹನ ಕಡಿಮೆಯಿರುವ ದಾರಿಗಳು ಬೇಕಾದಷ್ಟು ಸಿಗುತ್ತವೆ. ಅವು ಖಾಲಿಯಾಗಿ ಉಳಿದದ್ದಕ್ಕೆ ಒಂದು ಕಥೆಯೂ ಇದೆ.

ಕೆರೆಯಿಂದ ಶುರು

ಸಾಗರದ ಗಣಪತಿ ಕೆರೆ ಎಲ್ಲರಿಗೂ ಗೊತ್ತು. ಅದರ ಹಳೆಯ ಹೆಸರು ಸದಾಶಿವಸಾಗರ. ಹದಿನಾರನೇ ಶತಮಾನದಲ್ಲಿ ಕೆಳದಿಯ ಸದಾಶಿವನಾಯಕ ಕಟ್ಟಿಸಿದ ಕೆರೆ ಇದು. ಊರಿಗೆ ಸಾಗರ ಎಂಬ ಹೆಸರು ಬಂದದ್ದೂ ಇದರಿಂದಲೇ. ಒಂದು ಕಡೆ ಕೆಳದಿ, ಇನ್ನೊಂದು ಕಡೆ ಇಕ್ಕೇರಿ. ಇವೆರಡು ರಾಜಧಾನಿಗಳ ನಡುವಿನ ಕೆರೆ. ಆಗ ಜನ, ಎತ್ತಿನ ಗಾಡಿ, ಕುದುರೆ, ಸೈನ್ಯ ಎಲ್ಲವೂ ಓಡಾಡುತ್ತಿದ್ದುದು ಆ ಎರಡು ಊರುಗಳ ಕಡೆಗೇ.

1499ರ ಸುಮಾರಿಗೆ ಕೆಳದಿಯಲ್ಲಿ ಆರಂಭವಾದ ನಾಯಕರ ಆಳ್ವಿಕೆ ಸ್ವಲ್ಪ ಕಾಲದಲ್ಲೇ ಇಕ್ಕೇರಿಗೆ ಹೋಯಿತು. ಅಲ್ಲಿಂದ 1639ರಲ್ಲಿ ವೀರಭದ್ರನಾಯಕನ ಕಾಲಕ್ಕೆ ಘಟ್ಟದ ಅಂಚಿನ ಬಿದನೂರಿಗೆ ಹೋಯಿತು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ರಾಜಧಾನಿ ಎದ್ದುಹೋದ ಮೇಲೆ ಸಂತೆಯೂ ಹೋಯಿತು, ವ್ಯಾಪಾರವೂ ಹೋಯಿತು. ಮುಂದೆ ರೈಲು, ಹೆದ್ದಾರಿ ಬಂದಾಗ ಅವು ಸಾಗರವನ್ನು ಹಾದುಹೋದವೇ ಹೊರತು ಹಳೆಯ ರಾಜಧಾನಿಗಳತ್ತ ತಿರುಗಲಿಲ್ಲ. ಒಂದಾನೊಂದು ಕಾಲದ ರಾಜಬೀದಿಗಳು ಹಳ್ಳಿಯ ದಾರಿಗಳಾದದ್ದು ಹೀಗೆ. ಇತಿಹಾಸಕ್ಕೆ ಅದು ನಷ್ಟವಿರಬಹುದು, ಸೈಕಲ್ಲಿಗೆ ಮಾತ್ರ ಲಾಭ.

ಮೊದಲ ಸವಾರಿಗೆ ಕೆಳದಿ ಒಳ್ಳೆಯದು. ಸಾಗರದಿಂದ ಉತ್ತರಕ್ಕೆ ಆರೇಳು ಕಿಲೋಮೀಟರು. ಗೇರಿಲ್ಲದ ಸಾದಾ ಸೈಕಲ್ಲಿನಲ್ಲಿ ಗಂಟೆಗೆ ಹತ್ತು ಕಿಲೋಮೀಟರಿನ ಲೆಕ್ಕ ಇಟ್ಟುಕೊಂಡರೂ ಹೋಗಿ, ನೋಡಿ, ಬರುವುದಕ್ಕೆ ಮೂರು ಗಂಟೆ ಸಾಕು. ಅಲ್ಲಿನ ವೀರಭದ್ರ ದೇವಾಲಯದಲ್ಲಿ ತಲೆಯೆತ್ತಿ ನೋಡಿದರೆ ಚಾವಣಿಯಲ್ಲಿ ಗಂಡಭೇರುಂಡ ಕಾಣುತ್ತದೆ. ಊರಿನ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳಿವೆ, ಹಳೆಯ ಕಾಗದಪತ್ರಗಳಿವೆ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ರಾಣಿ ಚೆನ್ನಮ್ಮ ಇದೇ ಮನೆತನದವಳು. ಪಾಠಪುಸ್ತಕದಲ್ಲಿ ಅರ್ಧ ಪುಟವಾಗಿದ್ದದ್ದು ಪೆಡಲು ತುಳಿದು ತಲುಪಿದಾಗ ತಮ್ಮೂರ ಪಕ್ಕದ ಸಂಗತಿ ಎಂದು ಮಕ್ಕಳಿಗೆ ಹೊಳೆಯುತ್ತದೆ.

ಎರಡನೆಯದು ದಕ್ಷಿಣಕ್ಕೆ. ಸುಮಾರು ಆರು ಕಿಲೋಮೀಟರಿಗೆ ಇಕ್ಕೇರಿ. ಕಣಶಿಲೆಯಲ್ಲಿ ಕಟ್ಟಿದ ಅಘೋರೇಶ್ವರ ದೇವಾಲಯ, ಅದರ ಮುಂದಿನ ಮಂಟಪದಲ್ಲಿ ದೊಡ್ಡ ನಂದಿ. ದೇವರ ಎದುರಿನ ನೆಲದಲ್ಲಿ ಅಡ್ಡಬಿದ್ದ ನಾಯಕರ ಆಕೃತಿಗಳನ್ನೇ ಕೊರೆದಿದ್ದಾರೆ. ಅಲ್ಲಿಂದ ಹೆಚ್ಚು ದೂರವಿಲ್ಲದ ವರದಾಮೂಲದಲ್ಲಿ ವರದಾ ನದಿ ಹುಟ್ಟುತ್ತದೆ. ಬನವಾಸಿಯ ಪಕ್ಕದಲ್ಲಿ ಹರಿದು, ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುವ ಈ ನೀರು ಕೊನೆಗೆ ಹೋಗುವುದು ಬಂಗಾಳಕೊಲ್ಲಿಗೆ. ಅದೇ ತಾಲ್ಲೂಕಿನ ಶರಾವತಿಯ ನೀರು ಜೋಗದಲ್ಲಿ ಧುಮುಕಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ನಕ್ಷೆಯಲ್ಲಿ ಕಾಣದ ಈ ಏರುತಗ್ಗು ಕಾಲಿನ ಮೀನಖಂಡಕ್ಕೆ ಚೆನ್ನಾಗಿ ಗೊತ್ತಾಗುತ್ತದೆ.

ಮಲೆನಾಡಿನ ಸವಾರಿಯ ಗುಟ್ಟೇ ಈ ಏರಿಳಿತ. ಅಡಿಕೆ ತೋಟಕ್ಕೆ ನೀರು ಬೇಕು. ಹಾಗಾಗಿ ತೋಟ, ಗದ್ದೆಗಳು ಕಣಿವೆಯ ತಳದಲ್ಲಿ. ತೋಟಕ್ಕೆ ಸೊಪ್ಪು ಕೊಡುವ ಬೆಟ್ಟ ಮೇಲೆ. ದಾರಿ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋಗಬೇಕಾದರೆ ನಡುವಿನ ಬೆಟ್ಟವನ್ನು ಹತ್ತಲೇಬೇಕು. ಹತ್ತುವಾಗ ಇಳಿದು ತಳ್ಳಿದರೆ ಅವಮಾನವೇನಿಲ್ಲ. ಇಳಿಯುವಾಗ ಮಾತ್ರ ಎಚ್ಚರ ಬೇಕು.

ಹೊಸನಗರ, ತೀರ್ಥಹಳ್ಳಿ ಕಡೆ

ಮೂರನೆಯ ರಾಜಧಾನಿ ಬಿದನೂರು ಈಗ ಹೊಸನಗರ ತಾಲ್ಲೂಕಿನ ನಗರ. ಹೈದರಾಲಿ ಇಟ್ಟ ಹೈದರ್‌ನಗರ ಎಂಬ ಹೆಸರಿನಲ್ಲಿ ನಗರವಷ್ಟೇ ಉಳಿಯಿತು. ಕಲ್ಲೂರುಕಟ್ಟೆಯಾಗಿದ್ದ ಊರು ಮುಂದೆ ಹೊಸನಗರವಾಯಿತು. ಹೊಸನಗರದಿಂದ ನಗರದವರೆಗಿನ ರಸ್ತೆಯಲ್ಲಿ ಘಟ್ಟ ಇಳಿಯುವ ವಾಹನಗಳಿವೆ. ಚಿಕ್ಕವರಿಗೆ ಅದು ಬೇಡ. ಆದರೆ ನಗರಕ್ಕೆ ಬೇರೆ ರೀತಿಯಲ್ಲಿ ಬಂದವರು, ಅಥವಾ ಅಲ್ಲೇ ನೆಂಟರ ಮನೆಯಿರುವವರು, ಕೋಟೆ ನೋಡಿ ಅಲ್ಲಿಂದ ದೇವಗಂಗೆಗೆ ಹೋಗಬಹುದು. ಕೆಲವೇ ಕಿಲೋಮೀಟರಿನ ದಾರಿ. ಕಾಡಿನ ಮಗ್ಗುಲಲ್ಲಿ ಕೆಳದಿ ಅರಸರ ಕಾಲದ ಕೊಳಗಳು ಸಾಲಾಗಿ ಇವೆ.

ತೀರ್ಥಹಳ್ಳಿಯವರಿಗೆ ಸೈಕಲ್ಲೆಂದರೆ ಒಂದು ಹಳೆಯ ತಮಾಷೆ ನೆನಪಾಗಬೇಕು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಪಾದ್ರಿಯೊಬ್ಬರ ಬೈಸಿಕಲ್ಲು ಹಳ್ಳಿಗರ ಬಾಯಲ್ಲಿ 'ಬೀಸೇಕಲ್ಲು' ಆಗಿಬಿಡುತ್ತದೆ. ಆ ಕಾದಂಬರಿ ಬರೆದವರ ಕುಪ್ಪಳಿಗೆ ಬೀಸೇಕಲ್ಲಿನ ಮೇಲೇ ಹೋದರೆ ಚೆನ್ನ. ಕೊಪ್ಪದ ಕಡೆಯ ಮುಖ್ಯ ರಸ್ತೆಯಲ್ಲಿ ವಾಹನ ಇರುವುದರಿಂದ ಹಿರಿಯರು ಜೊತೆಗಿರಬೇಕು. ಕುಪ್ಪಳಿಯ ಕವಲು ತಿರುಗಿದ ಮೇಲೆ ಕಾಡಿನ ನಡುವಿನ ದಾರಿ. ಮನೆಯ ಬಳಿ ಸೈಕಲ್ಲು ನಿಲ್ಲಿಸಿ ಕವಿಶೈಲಕ್ಕೆ ನಡೆದೇ ಹತ್ತಬೇಕು. ಕುವೆಂಪು ಅವರ ಸಮಾಧಿ ಇರುವುದು ಅಲ್ಲೇ.

ಹೊರಡುವ ಮುನ್ನ

ಮಳೆ ಬಿಟ್ಟ ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಚಕ್ರದ ರಿಮ್ಮು ಒದ್ದೆಯಾಗಿ ಬ್ರೇಕು ಹಿಡಿಯುವುದಿಲ್ಲ, ನೆರಳಿರುವ ಕಡೆ ಡಾಂಬರಿನ ಮೇಲೂ ಪಾಚಿ ಕಟ್ಟಿರುತ್ತದೆ. ಚಳಿಗಾಲದ ಬೆಳಿಗ್ಗೆ ಮಂಜು ಕರಗುವವರೆಗೆ ಕಾಯುವುದು ವಾಸಿ. ಎರಡೂ ಬ್ರೇಕು, ಬೆಲ್ಲು, ಚೈನು ನೋಡಿಕೊಂಡು, ಗಾಳಿ ಪಂಪು, ಪಂಕ್ಚರ್ ಸಾಮಾನು, ನೀರು ಇಟ್ಟುಕೊಂಡು ಹೊರಡಬೇಕು. ದಾರಿಯಲ್ಲಿ ಸೈಕಲ್ ಶಾಪು ಸಿಕ್ಕೀತು ಎಂದು ನಂಬಿಕೊಂಡು ಹೋಗಬಾರದು. ಒಬ್ಬರೇ ಹೋಗದೆ ಮೂರು ನಾಲ್ಕು ಜನ ಒಬ್ಬರ ಹಿಂದೆ ಒಬ್ಬರಂತೆ ಹೋಗಬೇಕು.

ಇನ್ನೊಂದು ಮಾತು ಈ ಸೀಮೆಗೇ ಸೇರಿದ್ದು. ಡಿಸೆಂಬರ್‌ನಿಂದ ಬೇಸಿಗೆಯವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಎಷ್ಟು ನೋವು ತಂದಿತೆಂಬುದು ಇಲ್ಲಿಯವರಿಗೆ ಮರೆತಿಲ್ಲ. ಅದನ್ನು ಹರಡುವುದು ಉಣುಗು. ಟಾರು ರಸ್ತೆ ಬಿಟ್ಟು ಕಾಡಿಗೆ ನುಗ್ಗಬಾರದು, ತರಗೆಲೆಯ ಮೇಲೆ ಕೂರಬಾರದು. ಮಂಗ ಸತ್ತ ಸುದ್ದಿ ಬಂದ ಕಡೆಗೆ ಆ ವರ್ಷ ಹೋಗದಿರುವುದೇ ಸರಿ. ಮನೆಗೆ ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಎಲ್ಲಿಗೆ ಹೋಗಿದ್ದೆವು ಎಂಬುದನ್ನು ಡಾಕ್ಟರಿಗೆ ಹೇಳಬೇಕು.

ಖಾಲಿ ದಾರಿಗಳು ಯಾವಾಗಲೂ ಖಾಲಿಯಾಗಿಯೇ ಇರುತ್ತವೆ ಎಂದೇನೂ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರುಗಳು ಮುಳುಗಿದ ಮೇಲೆ ಹೊಳೆಬಾಗಿಲಿನಲ್ಲಿ ರಸ್ತೆ ನೀರಿಗೆ ಬಂದು ನಿಲ್ಲುತ್ತಿತ್ತು. ಲಾಂಚು ಹಿಡಿಸಿದಷ್ಟೇ ವಾಹನ ಆಚೆ ಹೋಗುತ್ತಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು. ಹಿನ್ನೀರಿನಾಚೆಯವರಿಗೆ ಆಸ್ಪತ್ರೆ, ಕಾಲೇಜು ಹತ್ತಿರವಾಯಿತು. ದಶಕಗಳ ಕಷ್ಟ ಕಳೆಯಿತು. ಅದರ ಜೊತೆಗೇ ಸಿಗಂದೂರು, ಕೊಲ್ಲೂರಿಗೆ ಹೋಗುವ ಕಾರುಗಳೂ ತಡೆಯಿಲ್ಲದೆ ಬರುವಂತಾಯಿತು. ರಜೆಯ ದಿನ ಆ ರಸ್ತೆ ಮಕ್ಕಳ ಸೈಕಲ್ಲಿಗೆ ತಕ್ಕದ್ದಲ್ಲ.

ಈಗ ಸೈಕಲ್ಲಿಗೆ ಹೆಸರಾದ ನೆದರ್ಲೆಂಡ್ಸ್ ದೇಶದಲ್ಲೂ 1970ರ ಹೊತ್ತಿಗೆ ಕಾರುಗಳು ಬೀದಿಯನ್ನು ಆಕ್ರಮಿಸಿದ್ದವು. 1971ರ ಒಂದೇ ವರ್ಷದಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು ರಸ್ತೆ ಅಪಘಾತದಲ್ಲಿ ಸತ್ತಾಗ ಬೀದಿಗಿಳಿದವರಲ್ಲಿ ತಂದೆತಾಯಿಗಳೂ ಇದ್ದರು. ಮಕ್ಕಳನ್ನು ಮನೆಯೊಳಗೆ ಕೂರಿಸುವುದರ ಬದಲು ದಾರಿಯನ್ನೇ ಸರಿಮಾಡಿ ಎಂದು ಅವರು ಕೇಳಿದರು. ಅಲ್ಲಿನ ಸೈಕಲ್ ದಾರಿಗಳ ಹಿಂದೆ ಆ ಹಟವೂ ಇದೆ.

ಮಲೆನಾಡಿನವರಿಗೆ ಅಂಥ ದಾರಿಗಳನ್ನು ಹೊಸದಾಗಿ ಕಟ್ಟಿಕೊಡಬೇಕಿಲ್ಲ. ನಾಯಕರು ಬಿಟ್ಟುಹೋದವು ಇನ್ನೂ ಇವೆ. ಅವುಗಳಲ್ಲಿ ಮಕ್ಕಳು ಓಡಾಡುತ್ತಾರೆ ಎಂಬುದು ಕಣ್ಣಿಗೆ ಬಿದ್ದರೆ ಮಾತ್ರ ನಾಳೆ ಅಗಲ ಮಾಡುವಾಗ ಅಂಚಿನಲ್ಲಿ ಎರಡಡಿ ಬಿಡಿ ಎಂದು ಕೇಳುವುದಕ್ಕೆ ಬಾಯಿ ಬರುತ್ತದೆ. ಹಾಗಾಗಿ ಮೊದಲ ಭಾನುವಾರ ಬೇಡ ಅನ್ನುವ ಬದಲು ಅಪ್ಪಯ್ಯನೇ ಪಕ್ಕದ ಮನೆಯಿಂದ ಒಂದು ಸೈಕಲ್ಲು ಕೇಳಿ ತರಲಿ. ಇಕ್ಕೇರಿ ತಲುಪುವಷ್ಟರಲ್ಲಿ ಏದುಸಿರು ಯಾರಿಗೆ ಮೊದಲು ಬರುತ್ತದೆ ಎಂಬುದೂ ಮನೆಯಲ್ಲಿ ಎಲ್ಲರಿಗೂ ಗೊತ್ತಾಗಲಿ.