ಗಜನಿಯ ಅನ್ನವೂ ಮೀನೂ

ಅಘವೆಂದರೆ ಪಾಪ, ಅದನ್ನು ನಾಶಮಾಡತಕ್ಕವಳು ಅಘನಾಶಿನಿ. ಶಿರಸಿಯ ಕಡೆ ಹುಟ್ಟಿ, ಘಟ್ಟವನ್ನಿಳಿದು, ಕುಮಟಾ ತಾಲೂಕಿನ ತದಡಿಯ ಬಳಿ ಸಮುದ್ರವನ್ನು ಕೂಡುವ ಈ ನದಿಯ ಹೆಸರನ್ನು ವಾಚಕರು ಕೇಳಿಯೇ ಇರುವರು. ಇದರ ಅಳಿವೆಯ 4,801 ಹೆಕ್ಟೇರು ಪ್ರದೇಶವನ್ನು 2024ನೆಯ ಇಸವಿಯಲ್ಲಿ ಜಗತ್ತಿನ ರಕ್ಷಣೀಯ ಜೌಗುನೆಲಗಳ ಪಟ್ಟಿಗೆ, ಅಂದರೆ ರಾಮ್ಸಾರ್ ಪಟ್ಟಿಗೆ, ಸೇರಿಸಿದರು. ಸಂತೋಷವೇ ಸರಿ. ಆದರೆ ಆ ಅಳಿವೆಯ ದಂಡೆಯಲ್ಲಿ ಜನರು ಬತ್ತವನ್ನೂ ಬೆಳೆದು ಮೀನನ್ನೂ ಹಿಡಿದು ನೆಲವನ್ನು ಕೆಡಿಸದೆ ಬಾಳಿದರೆಂಬ ಸಂಗತಿಯು ಪಟ್ಟಿಗಿಂತ ಬಹಳ ಹಳೆಯದು. ಈ ತಿಂಗಳು ಅದನ್ನೇ ಕುರಿತು ಬರೆಯುತ್ತೇವೆ.

ಭರತದ ಉಪ್ಪುನೀರು ಏರಿ ಬರುವ ಈ ತಗ್ಗು ಗದ್ದೆಗಳಿಗೆ ಗಜನಿಯೆಂದು ಹೆಸರು. ಅಲ್ಲಿ ಬೆಳೆಯುವುದು ಕಗ್ಗ. ಕರಿಕಗ್ಗ, ಬಿಳಿಕಗ್ಗವೆಂಬ ಭೇದಗಳುಳ್ಳ ಈ ಬತ್ತವು ಉಪ್ಪನ್ನು ತಾಳುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದ್ದರೂ ಕೊಳೆಯದೆ ಮೇಲೇಳುತ್ತದೆ. ಮುಂಗಾರಿಗೆ ಮೊದಲು ಒಡ್ಡನ್ನು ದುರಸ್ತಿ ಮಾಡಿ, ಮಳೆಯ ಸಿಹಿನೀರು ನೆಲದ ಉಪ್ಪನ್ನು ತೊಳೆದ ಮೇಲೆ ಮೊಳಕೆಬೀಜವನ್ನು ಚೆಲ್ಲುವರು. ಗೊಬ್ಬರ ಬೇಡ, ಹೊಳೆಯ ಮೆಕ್ಕಲೇ ಸಾಕು. ಮಳೆಗಾಲ ಕಳೆದು ಕೊಯ್ಲಾದ ಬಳಿಕ ತೂಬಿನ ಹಲಗೆಯನ್ನೆತ್ತಿ ಭರತವನ್ನು ಒಳಕ್ಕೆ ಬಿಡುವರು. ನೀರಿನೊಡನೆ ಮೀನಿನ ಮರಿಗಳೂ ಸೀಗಡಿಯ ಮರಿಗಳೂ ಬರುತ್ತವೆ. ಕೊಳೆಯುವ ಬತ್ತದ ಕೂಳೆಯಿಂದ ಹುಟ್ಟುವ ಸೂಕ್ಷ್ಮಜೀವಿಗಳೇ ಅವುಗಳ ಆಹಾರ. ಇಳಿತದ ಹೊತ್ತಿಗೆ ತೂಬಿನ ಬಾಯಿಗೆ ಬಲೆಯೊಡ್ಡಿದರೆ ಮೀನು ಸಿಕ್ಕಿತು. ಮರಿಗೆ ಹಣವಿಲ್ಲ, ಮೇವಿಗೆ ಹಣವಿಲ್ಲ, ಔಷಧವಂತೂ ಇಲ್ಲವೇ ಇಲ್ಲ. ಒಡ್ಡಿನ ಹೊರಮೈಯಲ್ಲಿ ಕಾಂಡ್ಲಾ ಗಿಡಗಳು ತೆರೆಯ ಪೆಟ್ಟನ್ನು ತಡೆಯುವುವು. ಅವುಗಳ ಬೇರಿನ ನಡುವೆಯೇ ಮೀನಿನ ಮರಿಗಳ ಬಾಲ್ಯ. ನಾವು ಶಾಕಾಹಾರಿಗಳು, ಮೀನಿನ ರುಚಿಯ ವಿಷಯದಲ್ಲಿ ತೀರ್ಪು ಕೊಡಲು ಅನಧಿಕಾರಿಗಳು. ಈ ವ್ಯವಸ್ಥೆಯ ಸೊಗಸನ್ನು ಹೊಗಳಲು ಆ ಅಧಿಕಾರ ಬೇಕಿಲ್ಲ.

ಕೆಟ್ಟದ್ದು ಹೇಗೆ? ಸರಕಾರವು ಶಾಶ್ವತವಾದ ಒಡ್ಡುಗಳನ್ನು ಕಟ್ಟಿಸಿತು. ಊರವರೆಲ್ಲ ಸೇರಿ ಮಣ್ಣು ಹೊರುವ ಪದ್ಧತಿಯು ಸಡಿಲವಾಯಿತು. ಮುಂದೆ ಸೀಗಡಿಗೆ ಪರದೇಶದಲ್ಲಿ ಬೆಲೆ ಬಂದಿತು. ಗಜನಿಗಳನ್ನು ಗೇಣಿಗೆ ಹಿಡಿದವರು ವರ್ಷವಿಡೀ ಉಪ್ಪುನೀರು ನಿಲ್ಲಿಸಿ ಸೀಗಡಿಯೊಂದನ್ನೇ ಒತ್ತಾಗಿ ಸಾಕಿದರು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗವು ಬಂದು ಹೊಂಡಕ್ಕೆ ಹೊಂಡವೇ ಸತ್ತಿತು. 1996ನೆಯ ದಶಂಬರದಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಸೀಗಡಿ ಹೊಂಡಗಳನ್ನು ನಿಷೇಧಿಸಿದಾಗ ಪಾರಂಪರಿಕ ಕ್ರಮವನ್ನೂ ಅದರ ಸುಧಾರಿತ ರೂಪವನ್ನೂ ನಿಷೇಧದಿಂದ ಹೊರಗಿಟ್ಟಿತು. ಈ ಭೇದವು ಉಚಿತವೆಂದೇ ನಮ್ಮ ಮತ. 2005ನೆಯ ಕಾಯಿದೆಯು ಅನುಮತಿ ಕೊಡುವ ಪ್ರಾಧಿಕಾರವೊಂದನ್ನು ನಿರ್ಮಿಸಿದ ಮೇಲೆ ಆ ಕಟ್ಟು ಬಹಳ ಮಟ್ಟಿಗೆ ಸಡಿಲಿತು.

ನಿಜವಾದ ತೊಡಕು ಕಾಯಿದೆಯಲ್ಲಿಲ್ಲ, ತೂಬಿನ ಹಲಗೆಯಲ್ಲಿದೆ. ಮೀನು ಹಿಡಿಯುವ ಹಕ್ಕನ್ನು ಲಿಲಾವಿನಲ್ಲಿ ಕೊಂಡವನಿಗೆ ಉಪ್ಪುನೀರು ಬೇಗ ಬರಬೇಕು, ತಡವಾಗಿ ಹೋಗಬೇಕು. ಬತ್ತ ಬಿತ್ತುವವನಿಗೆ ಇದರ ವಿಪರೀತ. ಹಣ ಕೊಟ್ಟವನ ಮಾತು ನಡೆದರೆ ನೆಲವು ಮಳೆಗಾಲಕ್ಕೆ ಮುಂಚೆ ಒಣಗದು, ಉಪ್ಪು ತೊಳೆಯದು, ಬಿತ್ತನೆ ತಪ್ಪುವುದು. ಒಂದು ವರ್ಷ ತಪ್ಪಿದ ಗದ್ದೆಗೆ ಮರುವರ್ಷ ಆಳುಗಳೂ ಬಾರರು. ಕೇರಳದ ಪೊಕ್ಕಾಳಿ ಗದ್ದೆಗಳಲ್ಲಿಯೂ ಇದೇ ಜಗಳವಿದ್ದು, ಅಲ್ಲಿ ‘ಒಂದು ನೆಲ್ಲು, ಒಂದು ಮೀನು’ ಎಂಬ ನಿಯಮವನ್ನು ಮಾಡಿದ್ದಾರೆ. ನಮ್ಮಲ್ಲಿ ಲಿಲಾವಿನ ಕರಾರಿನಲ್ಲಿಯೇ ತೂಬು ಮುಚ್ಚುವ ದಿನವನ್ನು ಬರೆಯಿಸಿ, ಬಂದ ಹಣದಲ್ಲಿ ಮೊದಲ ಪಾಲನ್ನು ಒಡ್ಡಿಗೂ ಕಾಂಡ್ಲಾ ನೆಡುವುದಕ್ಕೂ ತೆಗೆದಿಡಬೇಕೆಂದು ನಮಗೆ ತೋರುತ್ತದೆ.

ಕಗ್ಗದ ಇಳುವರಿ ಕಡಿಮೆ, ಕೂಲಿ ದುಬಾರಿ ಎಂಬ ಆಕ್ಷೇಪವುಂಟು, ಸುಳ್ಳಲ್ಲ. ಆದುದರಿಂದ ಆ ಕಡೆಯ ಗೃಹಸ್ಥರು ಸಂತೆಯಲ್ಲಿ ಕಗ್ಗದ ಅಕ್ಕಿ ದೊರೆತರೆ ನಾಲ್ಕು ರೂಪಾಯಿ ಹೆಚ್ಚಾದರೂ ಕೊಳ್ಳಲಿ. ಮಾಣಿಕಟ್ಟಾ ಗ್ರಾಮದ ರೈತರು ಒಟ್ಟುಗೂಡಿ ಈ ಬೀಜವನ್ನು ಉಳಿಸಿಕೊಂಡು ಬಂದಿದ್ದಾರೆ. ಕರಾವಳಿಯ ತೇವದಲ್ಲಿ ಬತ್ತದ ಬೀಜವು ಬಹುಕಾಲ ಮೊಳೆಯುವ ಶಕ್ತಿಯನ್ನಿಟ್ಟುಕೊಳ್ಳದು. ಕಣಜದಲ್ಲಿ ಕಟ್ಟಿಡುವುದರಿಂದ ಪ್ರಯೋಜನವಿಲ್ಲ, ವರ್ಷವರ್ಷವೂ ಗಜನಿಯಲ್ಲಿಯೇ ಬಿತ್ತಬೇಕು.