ಖರೇ ಹೇಳಿದವನಿಗೆ ಒಂದು ದಾರಿ ಇಡ್ರಿ

ಅಕ್ಕ-ತಂಗಿಯರೇ, ಈ ಸಲ ಅಡಗಿ ಮಾತು ಬ್ಯಾಡ. ನಾನೇ ಮಾಡಿದ ಒಂದು ತಪ್ಪು ಹೇಳ್ತೀನಿ.

ನಮ್ಮ ಮೈದುನನ ಮಗನಿಗೆ ಸಣ್ಣಾಂವ ಇದ್ದಾಗಿಂದ ಫಿಟ್ಸ್ ಅದ. ಗುಳಿಗಿ ನುಂಗಿಕೋತ ನಾಕು ವರ್ಷ ಆರಾಮ ಇದ್ದ. ಲೈಸೆನ್ಸ್ ಅರ್ಜಿ ತುಂಬ್ಲಾಕ ಅವನ ಸಂಗಟ ನಾನೂ ಹೋಗಿದ್ದೆ. ಫಾರಂ 1ರಾಗ ಮೊದಲನೇ ಪ್ರಶ್ನೆನೇ ಅದು: ಮೂರ್ಛೆ ರೋಗ, ಇಲ್ಲಾ ಯಾವುದೇ ಕಾರಣಕ್ಕ ಒಮ್ಮೆಲೆ ಎಚ್ಚರ ತಪ್ಪೋದು, ತಲೆ ತಿರುಗೋದು ಅದನಾ? ಅರ್ಜಿ ತುಂಬೋ ಹುಡುಗ ನಮ್ಮನ್ನ ಕೇಳಲೇ ಇಲ್ಲ, ‘ಇಲ್ಲ’ ಅಂತ ಒತ್ತಿಬಿಟ್ಟ. ನಾನು ನೋಡಿದೆ, ಸುಮ್ಮನಾದೆ.

ಹೋದ ತಿಂಗಳ ಮದುವಿ ಗದ್ದಲದಾಗ ಎರಡು ದಿನ ಗುಳಿಗಿ ತಪ್ಪಿತು. ಗಾಡಿ ಚಾಲೂ ಮಾಡ್ಬೇಕು ಅನ್ನೋದ್ರಾಗ ಅಂಗಳದಾಗೇ ಬಿದ್ದ. ಕಬ್ಬಿಣ ಹಿಡಿಸ್ರಿ ಅಂತ ಮಂದಿ ಅದೇ ಗಾಡಿ ಚಾವಿ ಅವನ ಮುಷ್ಠಿಯಾಗ ತುರುಕಿದ್ರು. ಐದು ನಿಮಿಷ ತಡ ಆಗಿದ್ರ ಔರಾದ ರಸ್ತಾದ ಮ್ಯಾಲ ಇರ್ತಿದ್ದ, ಹಿಂದ ನನ್ನ ಮೊಮ್ಮಗಳು ಕುಂತಿರ್ತಿದ್ಳು.

ಹಂಗಾದ್ರ ಕಾಯ್ದೆ ಸರಿ ಅದ, ನಾವೇ ಸುಳ್ಳರು ಅಂತೀರಾ? ಅರ್ಧ ಖರೇ. ಎಚ್ಚರ ತಪ್ಪಾಂವ ಗಾಡಿ ಹೊಡಿಬಾರದು, ಅದರಾಗ ಎರಡು ಮಾತಿಲ್ಲ. ಆದ್ರ 1989ರ ನಿಯಮದ ಆ ಪ್ರಶ್ನೆ, ಕಡೀ ಸಲ ಯಾವಾಗ ಬಂದಿತ್ತು ಅಂತ ಕೇಳಂಗಿಲ್ಲ. ನಿನ್ನೆ ಬಿದ್ದವನಿಗೂ ಹತ್ತು ವರ್ಷ ಆರಾಮ ಇದ್ದವನಿಗೂ ಒಂದೇ ‘ಹೌದು’. ‘ಹೌದು’ ಅಂದ್ರ ಲೈಸೆನ್ಸ್ ಕಥಿ ಮುಗೀತು. ಹಿಂಗಿದ್ರ ಯಾರು ಖರೇ ಬರೀತಾರ? ಶ್ರಾವಣ ಸೋಮವಾರ ಉಪಾಸ ಮಾಡಿ ತಲೆ ತಿರುಗಿ ಕುಂತ ನಾವೂ ‘ಹೌದು’ ಅಂತೇ ಬರೀಬೇಕಾಗ್ತದ!

ಇಂಗ್ಲೆಂಡ್‌ದಾಗ ಒಂದು ವರ್ಷ ಫಿಟ್ಸ್ ಬರದಿದ್ರ ಕಾರು, ಬೈಕಿನ ಲೈಸೆನ್ಸ್ ಮತ್ತ ಕೇಳಬಹುದು. ಲಾರಿ, ಬಸ್ಸಿಗೆ ಹತ್ತು ವರ್ಷ, ಅದೂ ಗುಳಿಗಿ ಇಲ್ಲದೆ. ಅಲ್ಲಿ ಖರೇ ಹೇಳಿದವನಿಗೆ ಕಾಯೋ ದಿನ ಅವ, ಮುಂದ ದಾರಿ ಅದ. ನಮ್ಮಲ್ಲಿ ಬಾಗಿಲು ಹಾಕಿಬಿಡ್ತಾರ, ಅದಕ್ಕ ಮಂದಿ ಹಿತ್ತಲದಿಂದ ಹೋಗ್ತಾರ.

ಇನ್ನೊಂದು ನೋಡ್ರಿ. ಲೈಸೆನ್ಸ್ ಕೇಳಿದ್ರ ಇವರು ರೋಗಿ. ಬಸ್ ಪಾಸ್ ಕೇಳಿದ್ರ? 2016ರ ಅಂಗವಿಕಲರ ಕಾಯ್ದೆಯ 21 ಬಾಬತ್ತಿನ ಪಟ್ಟಿಯಾಗ ಮೂರ್ಛೆ ರೋಗದ ಹೆಸರೇ ಇಲ್ಲ. 2023ರಿಂದ ನಮಗ ಹೆಂಗಸರಿಗೆ ಬಸ್ ಪುಕಟ ಆಗ್ಯಾದ, ಬೇಷಾತು. ಗಾಡಿ ಕಸ್ಗೊಂಡ ಹುಡುಗ ಹೊಲಕ್ಕ, ಕೆಲಸಕ್ಕ ಹೆಂಗ ಹೋಗ್ಬೇಕು?

ಕಾಯ್ದೆ ಬದಲಾಗಂಗಿಲ್ಲ ಅನ್ನಬ್ಯಾಡ್ರಿ. ಹಿಂದ ಮದುವಿ ಕಾಯ್ದೆದಾಗೂ ಫಿಟ್ಸ್ ಒಂದು ಅಡ್ಡಿ ಅಂತ ಬರೆದಿತ್ತು. 1999ರಾಗ ಆ ಶಬ್ದ ತೆಗೆದ್ರು. ಆದ್ರ ನಾವು ತೆಗೆದೀವಾ? ಸೊಸಿ ತರೋ ಮುಂದ, ಮಗಳ ಕೊಡೋ ಮುಂದ ಇನ್ನೂ ಮುಚ್ಚೇ ಇಡ್ತೀವಿ. ಮನಿಯಾಗ ಮುಚ್ಚಿಡೋದು ಕಲಿಸಿದವರು ನಾವು, ಆಫೀಸಿನಾಗ ಅವ ಖರೇ ಹೇಳಲಿ ಅಂದ್ರ ಹೆಂಗ?

ನರರೋಗ ಡಾಕ್ಟರ ಚೀಟಿ, ಇಷ್ಟು ತಿಂಗಳ ಆರಾಮ ಇರ್ಬೇಕು ಅನ್ನೋ ಲೆಕ್ಕ, ಅಲ್ಲಿತನಕ ಬಸ್ ಪಾಸ್. ಸರ್ಕಾರಕ್ಕ ಇಷ್ಟೇ ಕೇಳ್ರಿ. ನೀವು ಮನಿಯಾಗ ಮಾಡೋದು: ಗುಳಿಗಿ ತಪ್ಪಿಸಬ್ಯಾಡ್ರಿ, ಬಿದ್ದಾಗ ಮಗ್ಗಲಿಗೆ ಹೊಳ್ಳಿಸಿ ಮಲಗಿಸ್ರಿ, ಬಾಯಾಗ ಏನೂ ಇಡಬ್ಯಾಡ್ರಿ.

ಗಾಡಿ ಚಾವಿ ಈಗ ನನ್ನ ಕಪಾಟಿನಾಗ ಅದ. ಹುಡುಗ ನನ್ನ ಸಂಗಟ ಮಾತಾಡವಲ್ಲ. ಮಾತಾಡದಿದ್ರೂ ಪರವಾಯಿಲ್ಲ, ಡಾಕ್ಟರು ಆಗಲಿ ಅನ್ನೋತನಕ ಕೊಡಂಗಿಲ್ಲ.